ಕಂಡಿಕಿ ಹಿಡಿದು ಮಾಡಿದ ನಲವತ್ತು ಲೆಕ್ಕ

ನಮ್ಮ ಮನೆಯಲ್ಲಿ ಸುಮ್ಮನೆ ಕೂತವರಿಗೆ ಜಾಗವಿರಲಿಲ್ಲ. ಮಾತಿಗೆ ಹೇಳುತ್ತಿಲ್ಲ, ಖರೆನೇ ಜಾಗವಿರಲಿಲ್ಲ. ಬನಹಟ್ಟಿಯ ಆ ಮಣ್ಣಿನ ಮಾಳಿಗೆ ಮನೆಯ ಹೊಸ್ತಿಲು ದಾಟಿದರೆ ಪಡಸಾಲೆ, ಪಡಸಾಲೆಯ ತುಂಬ ಮೂರು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಗೆ ಕಾಲು ಇಳಿಬಿಟ್ಟುಕೊಂಡು ಒಂದರಲ್ಲಿ ಅಪ್ಪ, ಉಳಿದೆರಡರಲ್ಲಿ ಓಣಿಯ ನೇಕಾರರಿಬ್ಬರು ಬೆಳಗಿನಿಂದ ದೀಪ ಹಚ್ಚುವ ಹೊತ್ತಿನ ತನಕ ಸೀರೆ ನೇಯುತ್ತಿದ್ದರು. ಅದನ್ನು ದಾಟಿದರೆ ನಡುಮನೆ. ಅಲ್ಲಿ ಅಪ್ಪನ ತಾಯಿ, ನಾವು ಆಯಿ ಅನ್ನುತ್ತಿದ್ದವಳು, ರಾಟಿ ಮುಂದಿಟ್ಟುಕೊಂಡು ಕಂಡಿಕಿ ಸುತ್ತುತ್ತಿದ್ದಳು. ಕಂಡಿಕಿ ಅಂದರೆ ಲಾಳಿಯ ಹೊಟ್ಟೆಯೊಳಗೆ ಕೂರುವ, ನೂಲು ಸುತ್ತಿದ ಬೆರಳುದ್ದದ ಕೊಳವೆ. ಅದು ಇಲ್ಲದಿದ್ದರೆ ಮಗ್ಗ ಇಲ್ಲ, ಮಗ್ಗ ಇಲ್ಲದಿದ್ದರೆ ರೊಟ್ಟಿ ಇಲ್ಲ. ಹಿಂದಿನ ಅಡಿಗೆಮನೆಯಲ್ಲಿ ಒಂದು ಒಲೆಯ ಮೇಲೆ ನಮ್ಮ ಸಾರು, ಇನ್ನೊಂದರ ಮೇಲೆ ನೂಲಿಗೆ ಹಚ್ಚುವ ಗಂಜಿ. ಯಾವ ಗಡಿಗೆಯಲ್ಲಿ ಏನಿದೆ ಎಂಬುದು ಅವ್ವನಿಗೆ ಮಾತ್ರ ಗೊತ್ತು. ರಬಕವಿಯ ಬೀಗರೊಬ್ಬರು ಆ ಗಂಜಿಗೆ ಉಪ್ಪು ಮಜ್ಜಿಗೆ ಕಲಸಿಕೊಂಡು ಕುಡಿದು, ಛಲೋ ಆಗೇದ ಎಂದು ಹೊಗಳಿ ಹೋದದ್ದನ್ನು ಅವ್ವ ಸಾಯುವ ತನಕ ಹೇಳಿ ನಗುತ್ತಿದ್ದಳು.

ಆರು ವರ್ಷಕ್ಕೆ ನನ್ನನ್ನೂ ಆಯಿಯ ಪಕ್ಕ ಕೂರಿಸಿದರು. ಬಲಗೈಯಿಂದ ರಾಟಿ ತಿರುವುವುದು, ಎಡಗೈಯ ಹೆಬ್ಬೆರಳು ತೋರುಬೆರಳ ನಡುವೆ ನೂಲು ಹಿಡಿದು ಕಂಡಿಕಿಗೆ ಬಿಡುವುದು. ಸಾಲಿಗೆ ಹೋಗುವ ಮುಂಚೆ ಒಂದು ಬುಟ್ಟಿ, ಬಂದ ಮೇಲೆ ಒಂದು ಬುಟ್ಟಿ. ನೂಲು ಓಡಿ ಓಡಿ ನನ್ನ ತೋರುಬೆರಳಿನಲ್ಲಿ ಒಂದು ಗೆರೆ ಬಿದ್ದಿತ್ತು, ಬಣ್ಣದ ನೂಲಿನಿಂದ ಆ ಗೆರೆ ಕಪ್ಪಾಗಿತ್ತು. ಓಣಿಯ ಎಲ್ಲ ಹುಡುಗಿಯರ ಬೆರಳಿನಲ್ಲೂ ಅದು ಇತ್ತು, ಹಾಗಾಗಿ ಅದೊಂದು ಗುರುತು ಎಂದು ನನಗೆ ತಿಳಿದದ್ದೇ ಊರು ಬಿಟ್ಟ ಮೇಲೆ. ಜಮಖಂಡಿಯ ಹೈಸ್ಕೂಲಿನಲ್ಲಿ ಮ್ಯಾಟ್ರಿಕ್ ಮುಗಿಸಿ ಹೊಳೆಯಾಚೆಯ ಮರಾಠಿ ಶಹರದ ಕಾಲೇಜಿಗೆ ಹೋದೆನಲ್ಲ, ಅಲ್ಲಿ ಹುಡುಗಿಯರ ವಸತಿಗೃಹದಲ್ಲಿ ಒಬ್ಬಳು ನನ್ನ ಕೈ ಹಿಡಿದು ನೋಡಿ, ಇದೇನು ರೋಗವೋ ಎಂದು ಕೇಳಿದಳು. ಅಂದಿನಿಂದ ನಾನು ಎಡಗೈಯನ್ನು ಸೆರಗಿನ ಒಳಗೆ ಇಟ್ಟುಕೊಳ್ಳಲು ಶುರುಮಾಡಿದೆ. ಯಾರಿಗೂ ಬಗ್ಗದವಳು ಎಂದು ಜಂಬ ಕೊಚ್ಚುತ್ತೇನೆ, ಆದರೆ ಆ ಬೆರಳಿನ ವಿಷಯಕ್ಕೆ ನಾನು ನಾಚಿಕೊಂಡದ್ದು ನಿಜ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೆ ಸಿಟ್ಟು ಬರುತ್ತದೆ.

ಸಾಯನ್ಸ್ ತೆಗೆದುಕೊಂಡದ್ದೂ ಸಿಟ್ಟಿನಿಂದಲೇ. ಹೆಣ್ಣುಮಕ್ಕಳಿಗೆ ಆರ್ಟ್ಸ್ ಸಾಕು ಎಂದು ಜಮಖಂಡಿಯ ಮಾಸ್ತರರೆಲ್ಲ ಒಂದೇ ಸವನೆ ಹೇಳಿದರು. ಅವರು ಹೇಳದೆ ಇದ್ದಿದ್ದರೆ ನಾನು ಆರ್ಟ್ಸೇ ತೆಗೆದುಕೊಳ್ಳುತ್ತಿದ್ದೆನೋ ಏನೋ. ಅಪ್ಪ ಮಾತ್ರ ಮಗ್ಗದಿಂದ ಕತ್ತೆತ್ತದೆ, ಅಕಿ ಏನ್ ಕೇಳತಾಳೋ ಅದನ್ನ ಓದಲಿ ಅಂದು ಮತ್ತೆ ಲಾಳಿಯ ಹಗ್ಗ ಜಗ್ಗಿದ. ಸರಿ, ಹೋದೆ. ಹೋಗಿ ಮೂರು ತಿಂಗಳಲ್ಲಿ ಫಿಜಿಕ್ಸ್ ಮತ್ತು ಕ್ಯಾಲ್ಕುಲಸ್ ಎರಡರಲ್ಲೂ ಮಣ್ಣು ಮುಕ್ಕಿದೆ. ಪಾಠವೆಲ್ಲ ಇಂಗ್ಲಿಷಿನಲ್ಲಿ, ನಡುನಡುವೆ ವಿವರಣೆ ಮರಾಠಿಯಲ್ಲಿ. ಭಾಷೆ ಹೇಗೋ ಹಿಡಿದೆ, ಹಿಡಿಯಲಾಗದ್ದು ಒಂದೇ ಸಂಗತಿ. ಓಡುತ್ತಿರುವ ವಸ್ತುವಿಗೆ ಒಂದು ಕ್ಷಣದಲ್ಲಿ ಇಂತಿಷ್ಟು ವೇಗ ಎಂದು ಪುಸ್ತಕ ಹೇಳುತ್ತಿತ್ತು. ಎರಡು ತಾಸಿನಲ್ಲಿ ಇಷ್ಟು ದಾರಿ ಎಂದರೆ ತಿಳಿಯುತ್ತದೆ. ಆದರೆ ಒಂದು ಕ್ಷಣದಲ್ಲಿ ಹೊತ್ತೇ ಸರಿಯುವುದಿಲ್ಲ, ದಾರಿಯೂ ಸಾಗುವುದಿಲ್ಲ, ಇನ್ನು ವೇಗ ಎಲ್ಲಿಂದ ಬಂತು? ಇದನ್ನು ನಾನು ಎದ್ದುನಿಂತು ಕೇಳಿದೆ. ವರ್ಗವೆಲ್ಲ ನಕ್ಕಿತು.

ಗಣಿತದ ಪ್ರೊಫೆಸರರು ನಗಲಿಲ್ಲ. ದೀಪಾವಳಿ ಸೂಟಿಗೆ ಮುಂಚೆ ನನ್ನನ್ನು ಕರೆದು ನಲವತ್ತು ಲೆಕ್ಕಗಳ ಹಾಳೆ ಕೊಟ್ಟರು. ಜಾರುವ ಏಣಿ, ಗಾಲಿಯ ಮೇಲೆ ಹಗ್ಗ, ಎಸೆದ ಕಲ್ಲು, ತುಂಬುವ ತೊಟ್ಟಿ, ಇಂಥವೇ ಎಲ್ಲ. ಸೂಟಿ ಮುಗಿಸಿ ಬರುವಾಗ ಎಲ್ಲವನ್ನೂ ಮಾಡಿ ತರಬೇಕು. ತರದಿದ್ದರೆ ಆರ್ಟ್ಸ್ ಕಡೆಗೆ ಹೆಸರು ಬದಲಿಸುತ್ತಾರೆ. ಹೆಣ್ಣುಮಕ್ಕಳು ಹೇಗೂ ದೀಪಾವಳಿಯ ಹೊತ್ತಿಗೆ ತಾವಾಗಿಯೇ ಅತ್ತ ಹೋಗುತ್ತಾರೆ ಎಂದೂ ಸೇರಿಸಿದರು. ಆ ಹಾಳೆ ಮಡಚಿಕೊಂಡು ನಾನು ಕುಡಚಿಯ ತನಕ ರೈಲಿನಲ್ಲಿ, ಅಲ್ಲಿಂದ ಮನೆಯ ತನಕ ಚಕ್ಕಡಿಯಲ್ಲಿ ಹಲ್ಲು ಕಚ್ಚಿಕೊಂಡು ಬಂದೆ.

ಸಹಾಯ ಯಾರನ್ನು ಕೇಳಬೇಕು? ಬನಹಟ್ಟಿಯಲ್ಲಿ ಕ್ಯಾಲ್ಕುಲಸ್ ಎಂಬ ಶಬ್ದ ಕೇಳಿದವರೇ ಇರಲಿಲ್ಲ. ಅಪ್ಪ ಒಂದು ದಿನ ಮಗ್ಗ ನಿಲ್ಲಿಸಿ ನನ್ನನ್ನು ಜಮಖಂಡಿಗೆ, ಬಿ.ಎಸ್ಸಿ. ಓದಿದ ಒಬ್ಬ ಮಾಸ್ತರರ ಮನೆಗೆ ಕರೆದುಕೊಂಡು ಹೋದ. ಒಳ್ಳೆಯ ಮನುಷ್ಯರು, ಅವರ ಹೆಂಡತಿ ಅವಲಕ್ಕಿ ಕೊಟ್ಟರು. ಮಾಸ್ತರರು ಹಾಳೆ ಓದಿ, ಪೆನ್ನು ತೆಗೆದು, ಮುತ್ತಿನಂಥ ಅಕ್ಷರದಲ್ಲಿ ಒಂದಾದ ಮೇಲೊಂದು ಲೆಕ್ಕ ಬಿಡಿಸುತ್ತ ಹೋದರು. ಏಳನೆಯದಕ್ಕೆ ಬಂದಾಗ ನಾನು, ಇದು ಹೀಗೇಕೆ ಎಂದು ಕೇಳಿದೆ. ಉತ್ತರ ಬಂತಲ್ಲ ಅಂದರು. ಹನ್ನೊಂದನೆಯದಕ್ಕೆ ಮತ್ತೆ ಕೇಳಿದೆ. ಅವರು ಪೆನ್ನು ಕೆಳಗಿಟ್ಟು, ಕೂಸಿಗೆ ಹೇಳುವ ಹಾಗೆ ಮೆತ್ತಗೆ ಹೇಳಿದರು:

“ತಂಗಿ, ನಿನಗ ತಿಳಿದು ಏನಾಗಬೇಕಾಗೇದ? ನಲವತ್ತೂ ನಾನೇ ಮಾಡಿಕೊಡ್ತೀನಿ. ನೀ ಕಾಪಿ ಮಾಡ್ಕೊ, ಪಾಸಾಗು. ಅಷ್ಟ ಸಾಕು.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮೆತ್ತನೆಯ ದನಿಗೆ ನನ್ನ ಮೈಯೆಲ್ಲ ಉರಿಯಿತು. ನಾನು ಎದ್ದು ನಿಂತು, ಅವರು ಬರೆದ ಹಾಳೆಗಳನ್ನು ಒಪ್ಪವಾಗಿ ಜೋಡಿಸಿ ಅವರ ಮೇಜಿನ ಮೇಲಿಟ್ಟು, ನಮಸ್ಕಾರರೀ ಅಂದು ಹೊರಗೆ ಬಂದುಬಿಟ್ಟೆ. ಅಪ್ಪ ಪಾಪ, ತಿನ್ನುತ್ತಿದ್ದ ಅವಲಕ್ಕಿಯನ್ನು ಅರ್ಧಕ್ಕೆ ಬಿಟ್ಟು, ಮಾಸ್ತರರಿಗೆ ಏನೋ ಸಮಾಧಾನ ಹೇಳಿ ನನ್ನ ಹಿಂದೆ ಓಡಿ ಬಂದ. ಮನೆಯಲ್ಲಿ ಅವ್ವ ಮಾತ್ರ ಸರಿಯಾಗಿ ಹರಿಹಾಯ್ದಳು. ಒಂದು ದಿನದ ನೇಯ್ಗೆ ಹೋತು, ದೊಡ್ಡವರ ಮನೆಯಲ್ಲಿ ಮಾನ ಹೋತು, ಕೈಗೆ ಬಂದದ್ದನ್ನ ಒದ್ದು ಬಂದಳು, ಇಷ್ಟು ಸೊಕ್ಕು ಯಾರಿಂದ ಬಂತೋ ಎಂದು ಒಲೆಯ ಮುಂದೆ ಕೂತು ಅಂದಳು. ನಾನೂ ಅಂದೆ. ಕದ್ದ ಉತ್ತರ ತಗೊಂಡು ಸಾಯನ್ಸ್ ಓದೂದಕ್ಕಿಂತ ನಿನ್ನ ಗಂಜಿ ಕಾಸತೇನಿ ಅಂದೆ. ಹಂಗಾರ ಕಾಸು ಬಾ ಅಂದು ಅವಳು ಸೌಟು ನನ್ನ ಕೈಗೆ ಕೊಟ್ಟು ಎದ್ದು ಹೋದಳು. ಆ ಸಂಜೆ ನಾನು ಗಂಜಿ ಕಾಸಿದೆ, ಅಡಿ ಹಿಡಿಸಿದೆ. ಮರುದಿನ ನೂಲೆಲ್ಲ ಗಂಟುಗಂಟಾಗಿ ಅಪ್ಪ ಹರಿದ ಎಳೆ ಕಟ್ಟುತ್ತ ಕೂತ. ಅವ್ವನ ಬೈಗುಳಕ್ಕಿಂತ ಅದೇ ನನಗೆ ಹೆಚ್ಚು ಚುಚ್ಚಿತು.

ಆಮೇಲೆ ನನಗೊಂದು ಹಟ ಬಂತು. ಪುಸ್ತಕದಲ್ಲಿದ್ದದ್ದು ತಲೆಗೆ ಹೋಗದಿದ್ದರೆ ಕೈಯಿಂದ ಮಾಡಿ ನೋಡುತ್ತೇನೆ ಅಂದುಕೊಂಡೆ. ಮೊದಲು ಏಣಿಯ ಲೆಕ್ಕ. ಗೋಡೆಗೆ ಒರಗಿಸಿದ ಏಣಿಯ ಬುಡವನ್ನು ಒಂದೇ ಸಮ ಜಗ್ಗಿದರೆ ತುದಿ ಯಾವ ವೇಗದಲ್ಲಿ ಇಳಿಯುತ್ತದೆ ಎಂಬ ಪ್ರಶ್ನೆ ಅದು. ಅಟ್ಟ ಹತ್ತುವ ಏಣಿಯನ್ನು ನಡುಮನೆಯ ಗೋಡೆಗೆ ನಿಲ್ಲಿಸಿ, ನಾನು ಬುಡವನ್ನು ಗೇಣು ಗೇಣಾಗಿ ಜಗ್ಗಿದೆ. ಸಿಟ್ಟು ಇನ್ನೂ ಇಳಿಯದ ಅವ್ವ, ಗೊಣಗುತ್ತಲೇ, ತುದಿ ಇಳಿದ ಕಡೆಯೆಲ್ಲ ಗೋಡೆಗೆ ಸುಣ್ಣದ ಬೊಟ್ಟು ಇಟ್ಟಳು. ಮೊದಲ ಗೇಣಿಗೆ ತುದಿ ಬೆರಳಷ್ಟೂ ಇಳಿಯಲಿಲ್ಲ. ಆಮೇಲೆ ನಾಲ್ಕು ಬೆರಳು, ಆಮೇಲೆ ಗೇಣು, ಆಮೇಲೆ ನಾವು ಬೊಟ್ಟು ಇಡುವುದರೊಳಗೆ ಏಣಿ ಧಡ್ಡಂತ ಜಾರಿ ಹಬ್ಬದ ಚಕ್ಕಲಿಯ ಡಬ್ಬಿಯ ಮೇಲೆ ಬಿತ್ತು. ಪಡಸಾಲೆಯ ಮೂರು ಮಗ್ಗವೂ ಒಮ್ಮೆಗೇ ನಿಂತವು. ಬುಡ ಒಂದೇ ಸಮ ಸರಿದರೂ ತುದಿ ಕೊನೆಕೊನೆಗೆ ಜೋರಾಗುತ್ತದೆ. ಪುಸ್ತಕ ಒಂದು ಪುಟ ತುಂಬ ಹೇಳಿದ್ದು ಇದನ್ನೇ. ಅವ್ವ ಚಕ್ಕಲಿಯ ಚೂರು ಆರಿಸುತ್ತ, ಇಷ್ಟು ಹೇಳಾಕ ಇಷ್ಟು ದಪ್ಪ ಪುಸ್ತಕ ಬೇಕಾತೇನ ಎಂದು ಕೇಳಿದಳು. ನಾವಿಬ್ಬರೂ ಮತ್ತೆ ಮಾತಾಡಲು ಶುರುಮಾಡಿದ್ದು ಆಗ.

ಗಾಲಿ ಹಗ್ಗದ ಲೆಕ್ಕಗಳಿಗೆ ಅಪ್ಪ ಮಗ್ಗದ ಹಾಸನ್ನು, ಅಂದರೆ ಉದ್ದ ಎಳೆಗಳನ್ನು, ಬಿಗಿಯುವ ಹಗ್ಗ ತೋರಿಸಿದ. ಎಲ್ಲಿ ಕೈ ಇಟ್ಟರೆ ಎಷ್ಟು ಜಗ್ಗುತ್ತದೆ ಎಂದು ಅವನಿಗೆ ಅಕ್ಷರವಿಲ್ಲದೆಯೇ ಗೊತ್ತಿತ್ತು. ಆದರೆ ಆ ಒಂದು ಕ್ಷಣದ ವೇಗ ಮಾತ್ರ ಹಾಗೇ ಉಳಿದಿತ್ತು. ಅದು ತಿಳಿಯದೆ ಉಳಿದ ಇಪ್ಪತ್ತೈದು ಲೆಕ್ಕ ಮುಟ್ಟುವ ಹಾಗಿರಲಿಲ್ಲ. ಒಂದು ಮಧ್ಯಾಹ್ನ ರೊಟ್ಟಿ, ಪುಂಡಿಪಲ್ಯ ಉಂಡು, ಆಯಿಯ ಪಕ್ಕ ಕೂತು ಹಾಳೆಯನ್ನೇ ದಿಟ್ಟಿಸುತ್ತಿದ್ದೆ. ಏನು ಅಡ್ಡಿಯಾಗಿದೆ ಎಂದು ಆಯಿ ಕೇಳಿದಳು. ಹೇಳಿ ಏನು ಉಪಯೋಗ ಅಂದುಕೊಂಡೇ, ಎದುರಿಗಿದ್ದ ನೂಲನ್ನು ತೋರಿಸಿ ಹೇಳಿದೆ. ಈ ನೂಲು ಈಗ ಎಷ್ಟು ಜೋರಾಗಿ ಓಡುತ್ತಿದೆ ಎಂದು ಹೇಳುವುದು ಹೇಗೆ, ಈಗ ಅನ್ನುವುದರೊಳಗೆ ಅದು ಮುಂದೆ ಹೋಗಿಬಿಟ್ಟಿರುತ್ತದೆ ಅಂದೆ. ಆಯಿ ರಾಟಿ ನಿಲ್ಲಿಸಲಿಲ್ಲ.

“ಬಳ್ಳ ಕೊಡ ಇಲ್ಲಿ,” ಎಂದು ನನ್ನ ಬೆರಳು ಕೇಳಿದಳು.

ನನ್ನ ಎಡಗೈಯನ್ನು ಜಗ್ಗಿಕೊಂಡು, ಆ ಕಪ್ಪು ಗೆರೆಯ ಮೇಲೆಯೇ ನೂಲು ಕೂರಿಸಿದಳು. ತಿಂಗಳುಗಟ್ಟಲೆ ಸೆರಗಿನಲ್ಲಿ ಬಚ್ಚಿಟ್ಟ ಬೆರಳು. ನೂಲು ಓಡಿತು.

“ಈಗ?”

“ಸುಡಾಕತ್ತೈತಿ.”

“ಈಗ?”

“ಕಮ್ಮಿ ಆತು.”

“ಈಗ?”

“ಮತ್ತ ಸುಟ್ಟಿತು.”

“ನಾ ರಾಟಿ ಏನರ ಜೋರ ತಿರುವೀನೇನ?”

ಇಲ್ಲ, ಅವಳ ಕೈ ಒಂದೇ ಸಮ ತಿರುಗುತ್ತಿತ್ತು. ಕಂಡಿಕಿಯನ್ನು ಒಂದು ತುದಿಯಿಂದ ಇಳಿಜಾರಾಗಿ ಸುತ್ತಬೇಕು. ನೂಲು ದಪ್ಪ ಭಾಗಕ್ಕೆ ಏರಬೇಕು, ತೆಳುವಿಗೆ ಇಳಿಯಬೇಕು, ಮತ್ತೆ ಏರಬೇಕು. ದಪ್ಪ ಇದ್ದಲ್ಲಿ ಒಂದು ಸುತ್ತಿಗೆ ಹೆಚ್ಚು ನೂಲು ಬೇಕು, ಅಲ್ಲಿ ಬೆರಳು ಸುಡುತ್ತದೆ. ತೆಳುವಿನಲ್ಲಿ ತಣ್ಣಗಾಗುತ್ತದೆ. ಆರನೆಯ ವಯಸ್ಸಿನಿಂದ ನನ್ನ ಬೆರಳಿಗೆ ಇದು ಗೊತ್ತಿತ್ತು, ತಲೆಗೆ ಯಾರೂ ಹೇಳಿರಲಿಲ್ಲ. ಆಯಿ ಅಂದಳು:

“ಯಾವ ಗಳಿಗ್ಯಾಗ ಕೇಳಿದ್ರ ಆ ಗಳಿಗ್ಯಾಗ ನಿನ್ನ ಬಳ್ಳ ಹೇಳತೈತಿ. ಇನ್ನ ಅದನ್ನ ಬರದು ತೋರಸೂದು ಏನೈತಿ, ಅದು ನಿಮ್ಮ ಪುಸ್ತಕದವರ ಕೆಲಸ. ಬರಕೋ.”

ಬರೆದುಕೊಂಡೆ. ಒಂದು ಮೊಳ ನೂಲು ಸರಿಯಲು ಹಿಡಿದ ಹೊತ್ತು, ಆಮೇಲೆ ಒಂದು ಗೇಣು, ಆಮೇಲೆ ಒಂದು ಜೋಳದ ಕಾಳಿನಷ್ಟು. ಹೀಗೆ ಸಣ್ಣದು ಮಾಡುತ್ತ ಹೋದರೆ ಲೆಕ್ಕ ಒಂದು ಅಂಕಿಯ ಹತ್ತಿರ ಹತ್ತಿರ ಹೋಗುತ್ತದೆ. ಆ ಅಂಕಿ ಬೆರಳಿಗೆ ಮೊದಲೇ ಗೊತ್ತಿದ್ದದ್ದು. ಪ್ರೊಫೆಸರರು ವರ್ಗದ ಕರಿ ಫಳಕದ ಮೇಲೆ ಬರೆದದ್ದು ಇದೇ ಆಗಿತ್ತು, ಅವರ ಕೈಯಲ್ಲಿ ನೂಲು ಇರಲಿಲ್ಲ ಅಷ್ಟೇ. ನಾನು ನಡುಮನೆಯಲ್ಲಿ ಕೂತು ಗಟ್ಟಿಯಾಗಿ ಅತ್ತುಬಿಟ್ಟೆ. ಪಡಸಾಲೆಯಿಂದ ಅಪ್ಪ ಓಡಿ ಬಂದು ಏನಾತು ಎಂದು ಕೇಳಿದ. ಏನಿಲ್ಲೋ, ನಿನ್ನ ಮಗಳಿಗೆ ತಿಳೀತು ಎಂದು ಆಯಿ ಹೇಳಿದಳು.

ಪಾಡ್ಯದ ದಿನ ನಮ್ಮಲ್ಲಿ ಮಗ್ಗದ ಪೂಜೆ. ಲಾಳಿ, ಎಳೆ ಬಡಿಯುವ ಫಣಿ, ರಾಟಿ ಎಲ್ಲವನ್ನೂ ತೊಳೆದು ಸಾಲಾಗಿಟ್ಟು ವಿಭೂತಿ ಹಚ್ಚುತ್ತಾರೆ. ಆಯಿ ನನ್ನ ಲೆಕ್ಕದ ವಹಿಯನ್ನೂ ಲಾಳಿಗಳ ಪಕ್ಕ ಇಟ್ಟು, ಅದರ ರಟ್ಟಿಗೆ ಮೂರು ಬೆರಳು ವಿಭೂತಿ ಎಳೆದಳು. ಆಗ ಮೂವತ್ತೆರಡು ಮುಗಿದಿದ್ದವು. ಮೂವತ್ತಮೂರನೆಯದನ್ನು ಓದಿದಾಗ ನನಗೆ ನಗು ಬಂತು. ಒಂದೇ ವೇಗದಲ್ಲಿ ತಿರುಗುವ ರೀಲಿಗೆ ದಾರ ಸುತ್ತುತ್ತಿದೆ, ಇಷ್ಟು ಸುತ್ತು ಆದ ಮೇಲೆ ದಾರದ ವೇಗ ಹೇಗೆ ಬದಲಾಗುತ್ತಿರುತ್ತದೆ ಎಂದು ಕೇಳಿದ್ದರು. ದಾರ ಸುತ್ತುವುದನ್ನು ನನಗೆ ಕೇಳುತ್ತಾರಲ್ಲ! ಅಷ್ಟು ಸುತ್ತು ಆದಾಗ ನೂಲು ಇಳಿಜಾರಿನ ಯಾವ ಕಡೆ ಇರುತ್ತದೆ ಎಂದು ಆಯಿಯನ್ನು ಕೇಳಿದೆ. ಅವಳು ಒಂದು ಕಂಡಿಕಿ ಸುತ್ತಿ, ಎಣಿಸಿ, ತೆಳುವಿನ ಕಡೆಗೆ ಇಳೀತಿರತೈತಿ ಅಂದಳು. ಹಾಗಾದರೆ ವೇಗ ಕಮ್ಮಿಯಾಗುತ್ತಿರುತ್ತದೆ. ನಾನು ಉತ್ತರ ಬರೆದು, ಅದರ ಮುಂದೆ ದೊಡ್ಡದಾಗಿ ವಜಾ ಚಿಹ್ನೆ, ಅಂದರೆ ಕಳೆಯುವ ಗುರುತು, ಹಾಕಿದೆ. ನಲವತ್ತರಲ್ಲಿ ಅದೊಂದರ ಮೇಲೆ ನನಗೆ ಎಲ್ಲಕ್ಕಿಂತ ಹೆಚ್ಚು ಭರವಸೆ ಇತ್ತು.

ಸೂಟಿ ಮುಗಿಸಿ ಹೋದವಳು ವಹಿಯನ್ನು ಪ್ರೊಫೆಸರರ ಮೇಜಿನ ಮೇಲಿಟ್ಟೆ. ರಟ್ಟಿನ ಮೇಲಿನ ವಿಭೂತಿ ನೋಡಿ ಹುಬ್ಬೇರಿಸಿದರು. ಪುಟ ತಿರುವುತ್ತ ತಿರುವುತ್ತ ಅವರ ಮುಖ ಗಡುಸಾಯಿತು. ಇಷ್ಟು ಸರಿ ಇದೆ ಎಂದರೆ ಇದು ನಿನ್ನದಲ್ಲ, ಯಾವ ಮಾಸ್ತರರು ಮಾಡಿಕೊಟ್ಟರು ಎಂದು ಕೇಳಿದರು. ಯಾರೂ ಇಲ್ಲ ಅಂದೆ. ಸುಳ್ಳು ಹೇಳಿದರೆ ಆರ್ಟ್ಸಿಗೂ ಜಾಗ ಇರುವುದಿಲ್ಲ ಎಂದರು. ಅವರು ಮರಾಠಿಯಲ್ಲಿ ಆಡಿದ ಆ ಮಾತು ನನ್ನ ಎದೆಯಲ್ಲಿ ಕನ್ನಡವಾಗಿಯೇ ಉಳಿದಿದೆ. ಜಮಖಂಡಿಯ ಮಾಸ್ತರರ ಮೇಜಿನ ಮೇಲೆ ಬಿಟ್ಟುಬಂದ ಆ ಮುತ್ತಿನಂಥ ಅಕ್ಷರ ನೆನಪಾಯಿತು. ಕಾಪಿ ಮಾಡಲಿಲ್ಲ ಎಂಬ ಸೊಕ್ಕಿಗೇ ನಾನು ಕಾಪಿ ಮಾಡಿದವಳ ಜಾಗದಲ್ಲಿ ನಿಂತಿದ್ದೆ.

“ಹೇಳಿಕೊಟ್ಟವರು ಇದ್ದಾರ್ರಿ. ನಮ್ಮ ಆಯಿ.”

“ಅವರು ಏನು ಓದಿದ್ದಾರೆ?”

“ಓದಿಲ್ರಿ. ಕಂಡಿಕಿ ಸುತ್ತತಾರ.”

ಅವರು ಮತ್ತೆ ಪುಟ ತಿರುವಿದರು. ಮೂವತ್ತಮೂರಕ್ಕೆ ಬಂದು ನಿಂತರು. ಈ ವಜಾ ಎಲ್ಲಿಂದ ಬಂತು, ಸುತ್ತಿದಷ್ಟೂ ರೀಲು ದಪ್ಪಾಗುತ್ತದೆ, ವೇಗ ಹೆಚ್ಚಲೇಬೇಕು ಎಂದರು. ಹೆಚ್ಚೂದಿಲ್ಲರಿ ಅಂದೆ. ಸುಣ್ಣದ ಕಡ್ಡಿ ಕೇಳಿ ತೆಗೆದುಕೊಂಡು, ಫಳಕದ ಮೇಲೆ ಕಂಡಿಕಿಯ ಇಳಿಜಾರು ಬರೆದೆ. ನೂಲು ಏರುವುದು, ಇಳಿಯುವುದು, ಅಷ್ಟು ಸುತ್ತಿಗೆ ಅದು ಎಲ್ಲಿರುತ್ತದೆ ಎಂಬುದು, ಎಲ್ಲವನ್ನೂ ಅವರ ಮುಂದೆಯೇ ಮೊದಲಿನಿಂದ ಮಾಡಿ ತೋರಿಸಿದೆ. ನಿನಗೆ ಹೇಗೆ ಗೊತ್ತು ಎಂದು ಅವರು ಕೇಳಿದಾಗ ಸೆರಗಿನಿಂದ ಎಡಗೈ ಹೊರಗೆ ತೆಗೆದು ಅವರ ಮುಂದೆ ಹಿಡಿದೆ. ಅವರು ಆ ಗೆರೆಯನ್ನು ಬಗ್ಗಿ ನೋಡಿದರು. ಆಮೇಲೆ ಕೆಂಪು ಶಾಯಿಯ ಪೆನ್ನು ತೆಗೆದು ಮೂವತ್ತಮೂರರ ಮೇಲೆ ಅಡ್ಡ ಗೆರೆ ಎಳೆದರು.

“ಇದು ತಪ್ಪು. ಪುಸ್ತಕದವರು ಕೇಳಿದ್ದು ಸಾದಾ ರೀಲು. ಆದರೆ ಈ ತಪ್ಪು ಯಾವ ಪುಸ್ತಕದಲ್ಲೂ ಇಲ್ಲ, ಯಾವ ಮಾಸ್ತರರೂ ಇದನ್ನು ಮಾಡುವುದಿಲ್ಲ. ಕಾಪಿ ಮಾಡಿದವರಿಗೆ ಇದು ಸಿಗುವುದೂ ಇಲ್ಲ. ನೀನು ಸಾಯನ್ಸಿನಲ್ಲೇ ಇರು.”

ಸರಿ ಮಾಡಿದ ಲೆಕ್ಕಗಳು ನನ್ನನ್ನು ಕಳ್ಳಿ ಮಾಡಿದ್ದವು, ತಪ್ಪು ಮಾಡಿದ ಒಂದು ಲೆಕ್ಕ ಉಳಿಸಿತು. ತಿದ್ದಿ ಕೊಡು ಅಂದರು. ಕೆಳಗೆ, ಪುಸ್ತಕದ ರೀಲಿಗೆ ಎಂದು ಬರೆದು ಅವರಿಗೆ ಬೇಕಾದ ಉತ್ತರ ಬರೆದೆ. ಮೇಲಿನದನ್ನು ಅಳಿಸಲಿಲ್ಲ, ಅದರ ಮುಂದೆ ನಮ್ಮ ಮನಿ ಕಂಡಿಕಿಗೆ ಎಂದು ಬರೆದೆ. ಅವರು ನೋಡಿ ವಹಿ ಮರಳಿ ಕೊಟ್ಟರು. ಆಮೇಲೆ ಎಡಗೈಯನ್ನು ನಾನು ಎಂದೂ ಸೆರಗಿನೊಳಗೆ ಇಡಲಿಲ್ಲ.

ಮುಂದಿನ ಸೂಟಿಗೆ ಊರಿಗೆ ಹೋದಾಗ ಆಯಿ ರಾಟಿಯ ಮುಂದೆಯೇ ಇದ್ದಳು. ನಲವತ್ತರಲ್ಲಿ ಒಂದು ಮಾತ್ರ ತಪ್ಪಾಯಿತು ಎಂದು ಹೇಳಿದೆ. ಯಾವುದು ಎಂದು ಕೇಳಿದಳು. ನೂಲು ಸುತ್ತುವುದು ಅಂದೆ. ಪುಸ್ತಕದ ರೀಲು ಹೇಗೆ ಸುತ್ತಿರುತ್ತದೆ, ಒಂದರ ಮೇಲೊಂದು ಪದರ ಹೇಗೆ ನೆಟ್ಟಗೆ ಏರುತ್ತ ಹೋಗುತ್ತದೆ ಎಂದು ಕೈಯಿಂದ ತೋರಿಸಿದೆ. ಆ ಮುದುಕಿ ನನ್ನ ಜನ್ಮದಲ್ಲಿ ಮೊದಲ ಸಲ ಕೆಲಸದ ನಡುವೆ ರಾಟಿಯನ್ನು ತಾನಾಗಿ ನಿಲ್ಲಿಸಿದಳು.

“ನಿಮ್ಮ ಮಾಸ್ತರಗ ಹೇಳು. ಹಂಗ ಸುತ್ತಿದ ಕಂಡಿಕಿ ಲಾಳ್ಯಾಗ ಓಡೂದಿಲ್ಲ.”

ಸೂಟಿ ಮುಗಿಸಿ ಹೋದವಳು ಪೆಟ್ಟಿಗೆಯನ್ನೂ ಬಿಚ್ಚದೆ, ಮೊದಲು ಹೋಗಿ ಅದನ್ನೇ ಹೇಳಿದೆ.